ಸೆರೆಮನೆಗಳ ಬಗ್ಗೆ ಪುಸ್ತಕ ಬರೆದ ಯುವರಾಜ: ಸ್ವೀಡನ್ನಿನ ಒಂದನೇ ಆಸ್ಕರ್

ಪ್ರಶ್ನೆ: ನೆಪೋಲಿಯನ್ನನ ದಂಡನಾಯಕನೊಬ್ಬನ ಮಗ ಸ್ವೀಡನ್ನಿನ ಸಿಂಹಾಸನವೇರಿ ಅಲ್ಲಿನ ಹಳೆಯ ಕಾನೂನುಗಳನ್ನು ಬದಲಿಸಿದನೆಂದು ಓದಿದ್ದೇನೆ. ಒಂದನೇ ಆಸ್ಕರ್ ಎಂಬ ಈ ಅರಸನನ್ನು ಕೆಲವರು ದೊಡ್ಡ ಸುಧಾರಕನೆಂದು ಹೊಗಳಿದರೆ, ಇನ್ನು ಕೆಲವರು 1848ರ ನಂತರ ಬಣ್ಣ ಬದಲಿಸಿದವನೆಂದು ಬರೆಯುತ್ತಾರೆ. ಆತ ನಿಜಕ್ಕೂ ಮಾಡಿದ್ದೇನು? ಈ ಎರಡರಲ್ಲಿ ಯಾವ ಮಾತನ್ನು ಒಪ್ಪಬೇಕು?

ಉತ್ತರ: ಎರಡು ಮಾತಿಗೂ ಆಧಾರವಿದೆ. ಆದರೆ ಮೊದಲರ್ಧದಲ್ಲಿ ಸುಧಾರಕ, ಉತ್ತರಾರ್ಧದಲ್ಲಿ ಸಂಪ್ರದಾಯವಾದಿ ಎಂದು ಆಸ್ಕರನ ಬದುಕನ್ನು ಎರಡು ಹೋಳು ಮಾಡುವುದು ಸರಿಯೆಂದು ನನಗೆ ಅನ್ನಿಸುವುದಿಲ್ಲ. ಕೈದಿ, ಮಗಳು, ಕುಶಲಕರ್ಮಿ, ಪತ್ರಿಕೆಯವನು ಇವರ ಮೇಲೆ ಕಾನೂನು ಹೇರಿದ್ದ ಕಟ್ಟುಗಳನ್ನು ಸಡಿಲಿಸಲು ಆತ ಮೊದಲಿನಿಂದ ಕೊನೆಯವರೆಗೂ ಸಿದ್ಧನಿದ್ದ. ರಾಜ್ಯವನ್ನು ಆಳುವವರು ಯಾರು ಎಂಬ ಪ್ರಶ್ನೆಗೆ ಕೈಹಾಕಲು ಮಾತ್ರ ಎಂದೂ ಪೂರ್ಣ ಮನಸ್ಸಿನಿಂದ ಮುಂದಾಗಲಿಲ್ಲ. 1848ರ ವರ್ಷ ಅವನನ್ನು ಬದಲಿಸಿತು ಎನ್ನುವುದಕ್ಕಿಂತ, ಮೊದಲೇ ಇದ್ದ ಈ ಮಿತಿಯನ್ನು ಎಲ್ಲರ ಕಣ್ಣಿಗೂ ಕಾಣಿಸಿತು ಎನ್ನುವುದು ಹೆಚ್ಚು ಸರಿ. ಇದು ಏಕೆಂದು ತಿಳಿಯಲು ಆತ ಸಿಂಹಾಸನಕ್ಕೆ ಬಂದ ದಾರಿಯಿಂದಲೇ ಆರಂಭಿಸಬೇಕು.

ಆಸ್ಕರ್ ಹುಟ್ಟಿದ್ದು 1799ರ ಜುಲೈ 4ರಂದು, ಪ್ಯಾರಿಸ್ಸಿನಲ್ಲಿ. ತಂದೆ ಜಾನ್ ಬ್ಯಾಪ್ಟಿಸ್ಟ್ ಬರ್ನಾಡೊಟ್ ದಕ್ಷಿಣ ಫ್ರಾನ್ಸಿನ ಪೋ ಎಂಬ ಊರಿನವನು. ಸಾಮಾನ್ಯ ಸಿಪಾಯಿಯಾಗಿ ಸೈನ್ಯಕ್ಕೆ ಸೇರಿ, ಕ್ರಾಂತಿಯ ಕಾಲದಲ್ಲಿ ಜನರಲ್ ಆಗಿ, 1804ರಲ್ಲಿ ಮಾರ್ಷಲ್ ಪದವಿಗೇರಿದವನು. ತಾಯಿ ಡೆಸಿರೆ ಕ್ಲಾರಿ ಮಾರ್ಸೇ ನಗರದ ರೇಷ್ಮೆ ವ್ಯಾಪಾರಿಯ ಮಗಳು, ಒಂದು ಕಾಲಕ್ಕೆ ನೆಪೋಲಿಯನ್ನನೊಡನೆಯೇ ಮದುವೆ ನಿಶ್ಚಯವಾಗಿದ್ದವಳು. ಮಗುವಿಗೆ ಧರ್ಮಪಿತನಾಗಿ ನಿಂತವನೂ ನೆಪೋಲಿಯನ್ನನೇ. ಆಗ ಯುರೋಪಿನ ಓದುಗರಿಗೆ ಹುಚ್ಚು ಹಿಡಿಸಿದ್ದ ಓಸಿಯನ್ ಕಾವ್ಯಗಳ ವೀರನೊಬ್ಬನ ಹೆಸರನ್ನು ಮಗುವಿಗೆ ಇಟ್ಟರು. ಉತ್ತರದ ದೇಶಗಳ ಸಿಂಹಾಸನಕ್ಕೂ ಈ ಹೆಸರಿಗೂ ಅಲ್ಲಿಯವರೆಗೆ ಯಾವ ನಂಟೂ ಇರಲಿಲ್ಲ.

ಸ್ವೀಡನ್ ಆಗ ತೀರ ಕಷ್ಟದಲ್ಲಿತ್ತು. ರಷ್ಯಾದೊಡನೆ ನಡೆದ ಯುದ್ಧದಲ್ಲಿ 1809ರಲ್ಲಿ ಫಿನ್ಲೆಂಡ್ ಕೈತಪ್ಪಿತ್ತು, ಅರಸ ನಾಲ್ಕನೇ ಗುಸ್ತಾವ್ ಅಡಾಲ್ಫನನ್ನು ಪದಚ್ಯುತಗೊಳಿಸಲಾಗಿತ್ತು, ಅವನ ಬದಲಿಗೆ ಬಂದ ಹದಿಮೂರನೇ ಕಾರ್ಲನಿಗೆ ಮುಪ್ಪು ಆವರಿಸಿತ್ತು, ಮಕ್ಕಳಿರಲಿಲ್ಲ. ಉತ್ತರಾಧಿಕಾರಿಯೆಂದು ಆರಿಸಿದ ರಾಜಕುಮಾರನೂ 1810ರಲ್ಲಿ ಹಠಾತ್ತನೆ ತೀರಿಕೊಂಡ. ಆಗ ಎರೆಬ್ರೂ ಪಟ್ಟಣದಲ್ಲಿ ಸೇರಿದ ರಿಕ್ಸ್‌ಡಾಗ್, ಅಂದರೆ ಅಲ್ಲಿನ ಜನಪ್ರತಿನಿಧಿ ಸಭೆ, ಅದೇ ವರ್ಷದ ಆಗಸ್ಟ್ 21ರಂದು ಬರ್ನಾಡೊಟ್‌ನನ್ನು ಯುವರಾಜನನ್ನಾಗಿ ಆರಿಸಿತು. ಯುದ್ಧ ಬಲ್ಲವನು, ಫ್ರಾನ್ಸಿನ ಬೆಂಬಲವಿರುವವನು, ಜತೆಗೆ ಗಂಡುಮಗನಿರುವವನು ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಹನ್ನೊಂದು ವರ್ಷದ ಆಸ್ಕರ್ 1811ರ ಆರಂಭದಲ್ಲಿ ತಾಯಿಯೊಡನೆ ಸ್ಟಾಕ್‌ಹೋಮಿಗೆ ಬಂದ. ತಾಯಿಗೆ ಆ ಚಳಿಯೂ ಆ ಅರಮನೆಯೂ ಒಗ್ಗಲಿಲ್ಲ. ಅದೇ ವರ್ಷ ಫ್ರಾನ್ಸಿಗೆ ಹೊರಟುಹೋದವಳು ಮರಳಿದ್ದು 1823ರಲ್ಲಿ, ಮಗನ ಮದುವೆಯ ಹೊತ್ತಿಗೆ. ಹುಡುಗನಂತೂ ಬಹುಬೇಗ ಸ್ವೀಡಿಷ್ ಭಾಷೆಯನ್ನು ಹಿಡಿದ. ಮುಂದೆ ಹದಿನಾಲ್ಕನೇ ಕಾರ್ಲ್ ಯೋಹಾನ್ ಎಂಬ ಹೆಸರಿನಲ್ಲಿ 1818ರಿಂದ ಇಪ್ಪತ್ತಾರು ವರ್ಷ ಆಳಿದ ತಂದೆಗೆ ಆ ಭಾಷೆ ಕೊನೆಯವರೆಗೂ ಬರಲಿಲ್ಲ, ಹೀಗಾಗಿ ಚಿಕ್ಕಂದಿನಿಂದಲೇ ತಂದೆಗೂ ಪ್ರಜೆಗಳಿಗೂ ನಡುವೆ ದುಭಾಷಿಯಾಗಿ ನಿಲ್ಲುವ ಕೆಲಸ ಮಗನಿಗೆ ಬಂತು.

ಈ ಸ್ಥಾನ ಅವನ ಸ್ವಭಾವವನ್ನು ರೂಪಿಸಿತೆಂದೇ ನಾನು ಭಾವಿಸುತ್ತೇನೆ. ಆತ ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ ಓದಿದ, ಅದರ ಕುಲಪತಿಯೂ ಆದ. ರಸಾಯನಶಾಸ್ತ್ರವನ್ನು ಕಲಿಸಲು ಬರ್ಜೇಲಿಯಸ್‌ನಂಥ ಮೇಧಾವಿ ಸಿಕ್ಕಿದ್ದ. ಸಂಗೀತದಲ್ಲಿ ಎಷ್ಟು ಪಳಗಿದ್ದನೆಂದರೆ, ಎಡ್ವರ್ಡ್ ಬ್ರೆಂಡ್ಲರ್ ಎಂಬ ಸಂಗೀತಕಾರ ಅರ್ಧಕ್ಕೆ ಬಿಟ್ಟು ತೀರಿಕೊಂಡ ಒಪೆರಾವೊಂದನ್ನು ತಾನೇ ಪೂರ್ತಿಗೊಳಿಸಿದ. ಆದರೆ ಅಧಿಕಾರದ ಮಟ್ಟಿಗೆ ತಂದೆ ಅವನಿಗೆ ಹೆಚ್ಚೇನೂ ಬಿಟ್ಟುಕೊಡಲಿಲ್ಲ. ಸ್ವೀಡನ್ನಿನ ಅರಸನೇ ಆಗ ನಾರ್ವೆಗೂ ಅರಸನಾಗಿದ್ದ; ಅಲ್ಲಿನ ಉಪರಾಜನ ಹುದ್ದೆಯೂ 1824ರಲ್ಲಿ ಮತ್ತು 1833ರಲ್ಲಿ ಅಲ್ಪಕಾಲ ಮಾತ್ರ ಸಿಕ್ಕಿತು. 1830ರ ದಶಕದಲ್ಲಿ ಮುದಿ ಅರಸನ ಬಿಗಿ ಆಳ್ವಿಕೆಗೆ ಬೇಸತ್ತ ಉದಾರವಾದಿಗಳು ಯುವರಾಜನತ್ತ ಆಸೆಯಿಂದ ನೋಡತೊಡಗಿದರು. ಆತ ಅವರನ್ನು ದೂರ ತಳ್ಳಲಿಲ್ಲ, ಅವರ ಮುಂದಾಳಾಗಲೂ ಇಲ್ಲ. ನಾಚಿಕೆಯ, ಕಾಗದಪತ್ರಗಳ ನಡುವೆ ದುಡಿಯಬಲ್ಲ, ಬಹಿರಂಗ ಜಗಳಕ್ಕೆ ಹಿಂಜರಿಯುವ ಈ ಮನುಷ್ಯ ತನ್ನ ಭಿನ್ನಾಭಿಪ್ರಾಯವನ್ನು ಹೇಳಲು ಆರಿಸಿಕೊಂಡ ಮಾರ್ಗ ಬೇರೆಯೇ ಆಗಿತ್ತು.

1840ರಲ್ಲಿ ಶಿಕ್ಷೆ ಮತ್ತು ಸೆರೆಮನೆಗಳನ್ನು ಕುರಿತ ಪುಸ್ತಕವೊಂದು ಸ್ಟಾಕ್‌ಹೋಮಿನಲ್ಲಿ ಲೇಖಕನ ಹೆಸರಿಲ್ಲದೆ ಅಚ್ಚಾಯಿತು. ಬರೆದವನು ಯುವರಾಜನೇ ಎಂಬುದು ಬಹುಬೇಗ ಬಯಲಾಯಿತು. ಆಗಿನ ಸ್ವೀಡನ್ನಿನ ಸೆರೆಮನೆಗಳೆಂದರೆ ಬಹುಪಾಲು ಹಳೆಯ ಕೋಟೆಗಳ ಮತ್ತು ದುರ್ಗಗಳ ಒಳಗಿನ ಸಾಮಾನ್ಯ ಕೋಣೆಗಳು. ರೊಟ್ಟಿ ಕದ್ದ ಹುಡುಗ, ವಿಚಾರಣೆಗೆ ಕಾಯುತ್ತಿರುವವನು, ಹತ್ತು ಸಲ ಒಳಗೆ ಹೋಗಿಬಂದ ಪಳಗಿದ ಕಳ್ಳ, ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂಡಿಹಾಕುತ್ತಿದ್ದರು. ಹುಡುಗ ಹೊರಬರುವಷ್ಟರಲ್ಲಿ ಕಸುಬು ಕಲಿತಿರುತ್ತಿದ್ದ. ಸೇಡು ತೀರಿಸಿಕೊಳ್ಳುವುದೂ ಬೆದರಿಸುವುದೂ ಶಿಕ್ಷೆಯ ಗುರಿಯಾಗಬಾರದು, ತಪ್ಪು ಮಾಡಿದವನನ್ನು ತಿದ್ದಿ ಸಮಾಜಕ್ಕೆ ಮರಳಿಸುವುದು ಗುರಿಯಾಗಬೇಕು ಎಂಬುದು ಆಸ್ಕರನ ವಾದ. ಇದನ್ನು ಆತ ಕೇವಲ ಕರುಣೆಯ ಮಾತಾಗಿ ಬಿಡದೆ, ಅಮೆರಿಕದಲ್ಲಿ ಆಗ ಪೈಪೋಟಿಗೆ ಬಿದ್ದಿದ್ದ ಎರಡು ಪದ್ಧತಿಗಳನ್ನು ಎದುರುಬದುರು ಇಟ್ಟು ಚರ್ಚಿಸಿದ. ಫಿಲಡೆಲ್ಫಿಯಾ ಪದ್ಧತಿಯಲ್ಲಿ ಕೈದಿ ಹಗಲೂ ರಾತ್ರಿಯೂ ತನ್ನ ಕೊಠಡಿಯಲ್ಲೇ ಒಂಟಿಯಾಗಿದ್ದು ಅಲ್ಲೇ ಕೆಲಸ ಮಾಡುತ್ತಾನೆ. ಆಬರ್ನ್ ಪದ್ಧತಿಯಲ್ಲಿ ರಾತ್ರಿ ಮಾತ್ರ ಒಂಟಿ, ಹಗಲು ಎಲ್ಲರೊಡನೆ ಮಾತಿಲ್ಲದೆ ದುಡಿಮೆ. ಮರಣದಂಡನೆಯನ್ನೂ ಪುಸ್ತಕ ಪ್ರಶ್ನಿಸಿತು.

ಪುಸ್ತಕ ಹಲವು ಯುರೋಪಿಯನ್ ಭಾಷೆಗಳಿಗೆ ಅನುವಾದವಾಯಿತು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಆಗ ಸೇರಿದ್ದ ರಿಕ್ಸ್‌ಡಾಗ್ ಪ್ರತ್ಯೇಕ ಕೊಠಡಿಗಳ ಸೆರೆಮನೆಗಳನ್ನು ಕಟ್ಟಲು ಹಣ ಮಂಜೂರು ಮಾಡಿತು, ಮುಂದಿನ ದಶಕಗಳಲ್ಲಿ ಸ್ವೀಡನ್ನಿನ ಜಿಲ್ಲಾ ಕೇಂದ್ರಗಳಲ್ಲಿ ಅಂಥ ಕಟ್ಟಡಗಳು ಎದ್ದವು. ನಾರ್ವೆಯ ರಾಜಧಾನಿ ಕ್ರಿಸ್ಟಿಯಾನಿಯಾದಲ್ಲಿ, ಅಂದರೆ ಇಂದಿನ ಓಸ್ಲೋದಲ್ಲಿ, ಫಿಲಡೆಲ್ಫಿಯಾ ಮಾದರಿಯ ಬೋಟ್ಸ್‌ಫೆಂಗ್ಸೆಲೆಟ್ ಸೆರೆಮನೆ 1851ರಲ್ಲಿ ತೆರೆಯಿತು. ಒಂಟಿಸೆರೆ ಮನುಷ್ಯನ ಮನಸ್ಸನ್ನು ಎಷ್ಟು ಹಾಳುಮಾಡುತ್ತದೆ ಎಂಬುದು ಈಗ ಎಲ್ಲರಿಗೂ ಗೊತ್ತು. ಆ ದೃಷ್ಟಿಯಿಂದ ನೋಡಿದರೆ ಆಸ್ಕರನ ಮದ್ದೇ ಒಂದು ಬಗೆಯ ಕ್ರೌರ್ಯವಾಗಿ ಕಾಣುತ್ತದೆ. ಆದರೆ ಅವನ ಮುಂದಿದ್ದ ಆಯ್ಕೆ ಒಂಟಿ ಕೊಠಡಿಗೂ ಇಂದಿನ ಸೆರೆಮನೆಗೂ ನಡುವಿನದ್ದಲ್ಲ, ಒಂಟಿ ಕೊಠಡಿಗೂ ಆ ಕೋಟೆಯ ಕೋಣೆಗೂ ನಡುವಿನದ್ದು. ಬಹಿರಂಗ ಛಡಿಯೇಟಿನ ಶಿಕ್ಷೆಯೂ, ತಪ್ಪಿತಸ್ಥರನ್ನು ಚರ್ಚಿನಲ್ಲಿ ಎಲ್ಲರೆದುರು ನಿಲ್ಲಿಸಿ ಪ್ರಾಯಶ್ಚಿತ್ತ ಮಾಡಿಸುವ ಪದ್ಧತಿಯೂ 1855ರಲ್ಲಿ, ಅಂದರೆ 1848 ಕಳೆದು ಏಳು ವರ್ಷಗಳ ಮೇಲೆ, ರದ್ದಾದವು ಎಂಬುದನ್ನು ಗಮನಿಸಿ. ಬಣ್ಣ ಬದಲಿಸಿದನೆಂಬ ವಾದಕ್ಕೆ ಇದು ಸರಿಹೊಂದುವುದಿಲ್ಲ.

1844ರ ಮಾರ್ಚ್ 8ರಂದು ತಂದೆ ತೀರಿಕೊಂಡಾಗ ಆಸ್ಕರನಿಗೆ ನಲವತ್ತನಾಲ್ಕು ವರ್ಷ. ಮೊದಲ ಮೂರು ವರ್ಷಗಳ ಕೆಲಸ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು. ಪತ್ರಿಕೆಗಳ ವಿಷಯವನ್ನೇ ನೋಡಿ. ಸರ್ಕಾರಕ್ಕೆ ಹಿಡಿಸದ ಪತ್ರಿಕೆಯನ್ನು ನ್ಯಾಯಾಲಯದ ಗೊಡವೆಯಿಲ್ಲದೆ ನಿಲ್ಲಿಸಿಬಿಡುವ ಅಧಿಕಾರ 1812ರಿಂದ ಜಾರಿಯಲ್ಲಿತ್ತು. ಲಾರ್ಸ್ ಯೋಹಾನ್ ಯರ್ಟಾ 1830ರ ಕೊನೆಯಲ್ಲಿ ಆರಂಭಿಸಿದ ‘ಆಫ್ಟನ್‌ಬ್ಲಾಡೆಟ್’ ಪತ್ರಿಕೆಯನ್ನು ಕಾರ್ಲ್ ಯೋಹಾನನ ಸರ್ಕಾರ ಮತ್ತೆ ಮತ್ತೆ ನಿಲ್ಲಿಸಿತು. ಪ್ರತಿ ಸಲವೂ ಬೇರೊಬ್ಬನ ಹೆಸರಿನಲ್ಲಿ ಪರವಾನಗಿ ಪಡೆದು, ಹೊಸ ಆಫ್ಟನ್‌ಬ್ಲಾಡೆಟ್, ಮೂರನೆಯ ಆಫ್ಟನ್‌ಬ್ಲಾಡೆಟ್, ನಾಲ್ಕನೆಯದು ಎಂದು ತಲೆಬರಹಕ್ಕೆ ಸಂಖ್ಯೆ ಸೇರಿಸುತ್ತಾ ಪತ್ರಿಕೆ ಮುಂದುವರಿಯಿತು. ಓದುಗರು ನಕ್ಕರು, ಸರ್ಕಾರದ ಮರ್ಯಾದೆ ಹೋಯಿತು. ಈ ಅಧಿಕಾರವನ್ನು ಆಸ್ಕರನ ಆಳ್ವಿಕೆಯ ಆರಂಭದಲ್ಲೇ ಕಿತ್ತುಹಾಕಲಾಯಿತು. ಈ ಕ್ರಮದಲ್ಲಿ ತತ್ತ್ವದಷ್ಟೇ ವ್ಯಾವಹಾರಿಕ ಬುದ್ಧಿಯೂ ಇತ್ತೆಂದು ನನ್ನ ಅಂದಾಜು. ಕೆಲಸಕ್ಕೆ ಬಾರದ ಆಯುಧವನ್ನು ಕೆಳಗಿಡುವುದರಿಂದ ಅರಸನಿಗೆ ನಷ್ಟವಿರಲಿಲ್ಲ.

1845ರಲ್ಲಿ ಬಂದ ಆಸ್ತಿಹಕ್ಕಿನ ಕಾನೂನು ಹೆಚ್ಚು ಆಳಕ್ಕೆ ಇಳಿಯಿತು. ಅಲ್ಲಿಯವರೆಗೆ ಸ್ವೀಡನ್ನಿನ ಹಳ್ಳಿಗಾಡಿನಲ್ಲಿ ಪಿತ್ರಾರ್ಜಿತ ಆಸ್ತಿ ಹಂಚುವಾಗ ಅಣ್ಣತಮ್ಮಂದಿರಿಗೆ ಎರಡು ಪಾಲು ಬಂದರೆ ಅಕ್ಕತಂಗಿಯರಿಗೆ ಒಂದು ಪಾಲು. ಪಟ್ಟಣಗಳಲ್ಲಿ ಮಾತ್ರ ಮಧ್ಯಯುಗದಿಂದಲೂ ಸಮಪಾಲಿನ ರೂಢಿಯಿತ್ತು. ಹೊಸ ಕಾನೂನು ಇಡೀ ದೇಶದಲ್ಲಿ ಮಗನಿಗೂ ಮಗಳಿಗೂ ಸಮಪಾಲೆಂದು ಸಾರಿತು. ಹೊಲದ ಯಾವ ಭಾಗ ತನಗಿರಲಿ ಎಂದು ಮೊದಲು ಆರಿಸಿಕೊಳ್ಳುವ ಗಂಡುಮಕ್ಕಳ ಮೇಲುಗೈ ಅದರಿಂದ ಕೂಡಲೇ ಹೋಗಲಿಲ್ಲ, ಮದುವೆಯಾದ ಹೆಣ್ಣಿನ ಪಾಲನ್ನು ಗಂಡನೇ ನೋಡಿಕೊಳ್ಳುವ ಕಾನೂನೂ ಹಾಗೆಯೇ ಉಳಿಯಿತು. ಅಷ್ಟಾದರೂ, ಆಗ ಸ್ವೀಡನ್ನಿನ ಬಹುಪಾಲು ಜನ ಬೇಸಾಯವನ್ನೇ ನಂಬಿದ್ದ ಕಾಲದಲ್ಲಿ ಈ ಬದಲಾವಣೆ ಮುಟ್ಟಿದ್ದು ಅರಮನೆಯ ಸುತ್ತಲಿನವರನ್ನಲ್ಲ, ರೈತರ ಮನೆಗಳ ಹೆಣ್ಣುಮಕ್ಕಳನ್ನು.

1846ರ ಡಿಸೆಂಬರಿನಲ್ಲಿ ಕಸುಬುದಾರರ ಸಂಘಗಳ ಏಕಸ್ವಾಮ್ಯ ಮುಗಿಯಿತು. ಅದುವರೆಗೆ ಚಮ್ಮಾರಿಕೆಯಾಗಲಿ ಬಡಗಿತನವಾಗಲಿ, ಪಟ್ಟಣದಲ್ಲಿ ಅಂಗಡಿ ತೆರೆಯಬೇಕಾದರೆ ಆ ಕಸುಬಿನ ಸಂಘದ ಒಪ್ಪಿಗೆ ಬೇಕಿತ್ತು. ಸಂಘದ ಹಿರಿಯರು ಹೊಸಬರನ್ನು ಎಷ್ಟು ಬೇಕೋ ಅಷ್ಟೇ ಒಳಗೆ ಬಿಡುತ್ತಿದ್ದರು, ಮಗನಿಗೋ ಅಳಿಯನಿಗೋ ಜಾಗ ಕಾದಿರಿಸುತ್ತಿದ್ದರು. ಸಂಘಗಳ ಈ ಬಾಗಿಲುಕಾವಲು ಹೋದ ಮೇಲೆ ವಿಧವೆಯರಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಕಸುಬು, ವ್ಯಾಪಾರಗಳಲ್ಲಿ ಕಾಲಿಡಲು ದಾರಿ ತೆರೆಯಿತು. ಪೂರ್ಣ ವೃತ್ತಿ ಸ್ವಾತಂತ್ರ್ಯ ಬರಲು ಮಾತ್ರ 1864ರವರೆಗೆ ಕಾಯಬೇಕಾಯಿತು, ಆಗ ಸಿಂಹಾಸನದಲ್ಲಿ ಇದ್ದವನು ಅವನ ಮಗ. 1847ರಲ್ಲಿ ಬಡವರ ಪೋಷಣೆಯ ಕಾನೂನು ಬಂತು. ಅದೇ ವರ್ಷ ಕೆರಿಬಿಯನ್ ಸಮುದ್ರದಲ್ಲಿ ಸ್ವೀಡನ್ನಿನ ವಸಾಹತಾಗಿದ್ದ ಸೇಂಟ್ ಬಾರ್ತೆಲೆಮಿ ದ್ವೀಪದಲ್ಲಿ ಗುಲಾಮಗಿರಿ ಕೊನೆಗೊಂಡಿತು. ಬಿಡುಗಡೆಗೆ ಪರಿಹಾರ ಸಂದಾಯವಾದದ್ದು ಒಡೆಯರಿಗೆ, ಗುಲಾಮರಿಗಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು.

ಒಂದು ಎಚ್ಚರಿಕೆ. ಆ ದಶಕದಲ್ಲಿ ನಡೆದ ಒಳ್ಳೆಯದೆಲ್ಲವನ್ನೂ ಆಸ್ಕರನ ಖಾತೆಗೆ ಜಮೆ ಮಾಡುವ ಚಾಳಿ ಜನಪ್ರಿಯ ಬರಹಗಳಲ್ಲಿದೆ. ಪ್ರತಿ ಪ್ಯಾರಿಷ್ಷಿನಲ್ಲೂ, ಅಂದರೆ ಒಂದೊಂದು ಚರ್ಚಿನ ವ್ಯಾಪ್ತಿಯಲ್ಲೂ, ಪ್ರಾಥಮಿಕ ಶಾಲೆಯಿರಬೇಕೆಂಬ ಆಜ್ಞೆ ಹೊರಟದ್ದು 1842ರಲ್ಲಿ, ತಂದೆಯ ಕಾಲದಲ್ಲಿ. ಉಳಿದ ಸುಧಾರಣೆಗಳಿಗೂ ರಿಕ್ಸ್‌ಡಾಗಿನಲ್ಲಿ ವರ್ಷಗಟ್ಟಲೆ ವಾದಿಸಿ ನೆಲ ಹದಮಾಡಿದವರು ಇದ್ದರು. ಆದರೆ 1809ರ ಸಂವಿಧಾನದ ಪ್ರಕಾರ ರಾಜ್ಯವನ್ನು ಆಳುವ ಹಕ್ಕು ಅರಸನೊಬ್ಬನದೇ; ಮಂತ್ರಿಗಳು ಸಲಹೆ ಕೊಡುವವರು ಮಾತ್ರ. ಅಂಥ ವ್ಯವಸ್ಥೆಯಲ್ಲಿ ಅರಸ ಅಡ್ಡ ಕೂತರೆ ಏನೂ ಸಾಗುವುದಿಲ್ಲ, ಒಲಿದರೆ ಬಹಳಷ್ಟು ಸಾಗುತ್ತದೆ. ತಂದೆ ಅಡ್ಡ ಕೂತಿದ್ದ, ಮಗ ಒಲಿದ.

ನಾರ್ವೆಯ ಕಥೆ ಸ್ವಲ್ಪ ಬೇರೆ. 1814ರಲ್ಲಿ ಒಬ್ಬನೇ ಅರಸನ ಕೆಳಗೆ ಸ್ವೀಡನ್ನಿನೊಡನೆ ಕೂಡಿಕೊಂಡ ಆ ದೇಶಕ್ಕೆ ತನ್ನದೇ ಸಂವಿಧಾನವಿತ್ತು, ಸ್ಟೋರ್ಟಿಂಗ್ ಎಂಬ ತನ್ನದೇ ಸಂಸತ್ತಿತ್ತು, ತಾನು ಕಿರಿಯ ಪಾಲುದಾರನಲ್ಲ ಎಂಬ ಹಟವೂ ಇತ್ತು. ಸ್ಟೋರ್ಟಿಂಗ್ ಮಾಡಿದ ಕಾನೂನನ್ನು ಅರಸ ಸಂಪೂರ್ಣವಾಗಿ ತಳ್ಳಿಹಾಕುವ ಹಕ್ಕು ಬೇಕೆಂದು ತಂದೆ ವರ್ಷಾನುಗಟ್ಟಲೆ ಪಟ್ಟು ಹಿಡಿದಿದ್ದ. ಆಸ್ಕರ್ ಆ ಬೇಡಿಕೆಯನ್ನು ಮುಂದಕ್ಕೆ ಒಯ್ಯಲಿಲ್ಲ. ಬದಲಿಗೆ ನಾರ್ವೆಯವರ ಅಭಿಮಾನ ಎಲ್ಲಿ ನೋಯುತ್ತಿತ್ತೋ ಅಲ್ಲಿಗೆ ಕೈಯಿಟ್ಟ. ಪಟ್ಟಕ್ಕೆ ಬಂದ ವರ್ಷವೇ, ನಾರ್ವೆಗೆ ಸಂಬಂಧಿಸಿದ ಪತ್ರಗಳಲ್ಲಿ ‘ನಾರ್ವೆ ಮತ್ತು ಸ್ವೀಡನ್ನಿನ ಅರಸ’ ಎಂದು ನಾರ್ವೆಯ ಹೆಸರು ಮೊದಲು ಬರುವಂತೆ ಮಾಡಿದ. 1844ರ ಜೂನ್ 20ರಂದು ಎರಡೂ ದೇಶಗಳ ಬಾವುಟಗಳ ಮೇಲ್ಮೂಲೆಯಲ್ಲಿ ಎರಡರ ಬಣ್ಣಗಳನ್ನೂ ಬೆರೆಸಿದ ಒಂದೇ ಬಗೆಯ ಗುರುತನ್ನು ಹಾಕಿಸಿದ. ಸಮಾನತೆಯನ್ನು ಸಾರುವ ಆ ಗುರುತನ್ನು ಮುಂದಿನ ತಲೆಮಾರು ಹೆರಿಂಗ್ ಮೀನಿನ ಸಲಾಡ್ ಎಂದು ಗೇಲಿ ಮಾಡಿದ್ದು ಬೇರೆ ಮಾತು. 1847ರಲ್ಲಿ ನಾರ್ವೆಗೆಂದೇ ಸೇಂಟ್ ಓಲಾವ್ ಎಂಬ ಗೌರವಶ್ರೇಣಿಯನ್ನು ಸ್ಥಾಪಿಸಿದ, ಕ್ರಿಸ್ಟಿಯಾನಿಯಾದ ಹೊರವಲಯದ ಬಿಗ್ಡೋಯ್‌ನಲ್ಲಿ ಆಸ್ಕರ್ಸ್‌ಹಾಲ್ ಎಂಬ ಬೇಸಿಗೆಮನೆ ಕಟ್ಟಿಸಿ ಅದರ ಗೋಡೆಗಳನ್ನು ಟೀಡೆಮಾಂಡ್, ಗೂಡೆಯಂಥ ನಾರ್ವೆಯ ಕಲಾವಿದರಿಗೇ ವಹಿಸಿದ. ಇವೆಲ್ಲ ಸಣ್ಣ ಸಂಗತಿಗಳೆಂದು ಕಂಡಾವು. ಆದರೆ ಆ ಜೋಡಿರಾಜ್ಯ 1905ರವರೆಗೆ ಬಾಳುವುದಕ್ಕೆ ಇಂಥ ಮರ್ಯಾದೆಯ ಮಾತುಗಳ ಪಾಲು ಕಡಿಮೆಯೇನಲ್ಲ. ವಿಚಿತ್ರವೆಂದರೆ ನಾರ್ವೆಯಲ್ಲಿ ಅವನ ಪಟ್ಟಾಭಿಷೇಕ ನಡೆಯಲೇ ಇಲ್ಲ. 1823ರಲ್ಲಿ ಮದುವೆಯಾಗಿದ್ದ ರಾಣಿ ಜೋಸೆಫೀನ್, ನೆಪೋಲಿಯನ್ನನ ಮೊದಲ ಹೆಂಡತಿಯ ಮೊಮ್ಮಗಳು, ಕ್ಯಾಥೊಲಿಕ್ ಮತದಲ್ಲೇ ಉಳಿದವಳು. ಅವಳಿಗೆ ಕಿರೀಟವಿಡಲು ಟ್ರಾಂಡ್‌ಹೈಮಿನ ಬಿಷಪ್, ಅಲ್ಲಿನ ರಾಜ್ಯಮತವಾದ ಲೂಥರನ್ ಪ್ರಾಟೆಸ್ಟೆಂಟ್ ಪಂಥದವನು, ಒಪ್ಪಲಿಲ್ಲ.

ಈಗ 1848. ರಿಕ್ಸ್‌ಡಾಗ್ ಆಗ ನಾಲ್ಕು ಸಭೆಗಳಾಗಿ ಕೂಡುತ್ತಿತ್ತು: ಕುಲೀನರು, ಪಾದ್ರಿಗಳು, ಪಟ್ಟಣದ ವ್ಯಾಪಾರಿ ವರ್ಗ, ಜಮೀನು ಹೊಂದಿದ ರೈತರು. ಕಾರ್ಖಾನೆ ಕಟ್ಟಿದ ಉದ್ಯಮಿಯಾಗಲಿ, ವೈದ್ಯನಾಗಲಿ, ಕೂಲಿಯವನಾಗಲಿ ಈ ನಾಲ್ಕರಲ್ಲಿ ಎಲ್ಲಿಯೂ ಸಲೀಸಾಗಿ ಹೊಂದುತ್ತಿರಲಿಲ್ಲ. ಪ್ಯಾರಿಸ್ಸಿನಲ್ಲಿ ಫೆಬ್ರವರಿ ಕ್ರಾಂತಿಯಾದ ಸುದ್ದಿ ಬಂದ ಮೇಲೆ, ಮಾರ್ಚ್ 18ರಂದು ಸ್ಟಾಕ್‌ಹೋಮಿನ ಉದಾರವಾದಿಗಳು ಪ್ರಾತಿನಿಧ್ಯದ ಸುಧಾರಣೆಗಾಗಿ ಔತಣಕೂಟವೊಂದನ್ನು ಏರ್ಪಡಿಸಿದರು. ಒಳಗೆ ಭಾಷಣ ನಡೆಯುತ್ತಿದ್ದಾಗ ಹೊರಗೆ ಬೀದಿಯಲ್ಲಿ, ಆ ಔತಣಕ್ಕೆ ಕರೆಯೋಲೆ ಇಲ್ಲದ ಜನ ಗುಂಪುಗೂಡಿದರು. ಕೂಗಾಟ ಕಲ್ಲುತೂರಾಟಕ್ಕೆ ತಿರುಗಿತು. ಮರುದಿನ ಸೈನಿಕರು ಗುಂಡು ಹಾರಿಸಿದರು, ಬೀದಿಯಲ್ಲಿ ಹೆಣಗಳು ಬಿದ್ದವು. ಉದಾರಿ ಅರಸನ ಕಾಲದಲ್ಲೇ ರಾಜಧಾನಿಯ ಬೀದಿಯಲ್ಲಿ ರಕ್ತ ಹರಿಯಿತು.

ಇಲ್ಲಿಂದ ಆಸ್ಕರ್ ತಿರುಗಿಬಿದ್ದನೆಂದು ಹೇಳುವವರು ನಂತರದ ಕೆಲವು ತಿಂಗಳುಗಳನ್ನು ಮರೆಯುತ್ತಾರೆ. ಏಪ್ರಿಲಿನಲ್ಲಿ ಆತ ಮಂತ್ರಿಮಂಡಲವನ್ನು ಬದಲಿಸಿ ಸುಧಾರಣೆಯ ಪರವಾದವರನ್ನೇ ತಂದ. ಅದೇ ವರ್ಷ ಅವನ ಸರ್ಕಾರ ನಾಲ್ಕು ಸಭೆಗಳ ಬದಲಿಗೆ ಎರಡು ಸದನಗಳಿರಬೇಕೆಂಬ ಪ್ರಸ್ತಾಪವನ್ನು ಮುಂದಿಟ್ಟಿತು. ಆದರೆ ಸಂವಿಧಾನದ ತಿದ್ದುಪಡಿ ಮುಂದಿನ ರಿಕ್ಸ್‌ಡಾಗಿನವರೆಗೂ ಕಾಯಬೇಕೆಂಬ ನಿಯಮವಿತ್ತು. ಅಷ್ಟರಲ್ಲಿ ಯುರೋಪಿನ ಕ್ರಾಂತಿಗಳೆಲ್ಲ ಅಡಗಿದವು, ಹೆದರಿಕೆ ತೀರಿತು. 1850ರಲ್ಲಿ ಕೂಡಿದ ಸಭೆಗಳು ಪ್ರಸ್ತಾಪವನ್ನು ತಳ್ಳಿಹಾಕಿದವು. ಅರಸ ಅದನ್ನು ಉಳಿಸಲು ಬೆರಳನ್ನೂ ಅಲ್ಲಾಡಿಸಲಿಲ್ಲ, ಹೊಸದೊಂದನ್ನು ತರಲೂ ಇಲ್ಲ. ಸೆರೆಮನೆಗಳ ವಿಷಯದಲ್ಲಿ ಪುಸ್ತಕವನ್ನೇ ಬರೆದವನು, ಆಸ್ತಿಹಕ್ಕಿಗೂ ಕಸುಬಿನ ಸ್ವಾತಂತ್ರ್ಯಕ್ಕೂ ಒಲಿದವನು, ಇಲ್ಲಿ ಸುಮ್ಮನೆ ಕೂತ. ನಾನು ಮೊದಲಲ್ಲಿ ಹೇಳಿದ ಮಿತಿ ಇದೇ. ಪ್ರಜೆಗಳ ಬದುಕನ್ನು ತಾನು ತಿದ್ದಬೇಕು ಎಂಬುದು ಅವನ ನಂಬಿಕೆ. ಆ ತಿದ್ದುವ ಅಧಿಕಾರ ಪ್ರಜೆಗಳ ಕೈಗೇ ಹೋಗಬೇಕು ಎಂಬುದು ಅವನ ನಂಬಿಕೆಯಾಗಿರಲಿಲ್ಲ.

ವಿದೇಶ ನೀತಿಯಲ್ಲಿ ಆತ ತಂದೆಯ ರಷ್ಯಾಸ್ನೇಹದಿಂದ ದೂರ ಸರಿದ. 1848ರಲ್ಲಿ ಜರ್ಮನ್ನರಿಗೂ ಡೆನ್ಮಾರ್ಕಿಗೂ ಯುದ್ಧವಾದಾಗ ಡೆನ್ಮಾರ್ಕಿನ ಫ್ಯೂನ್ ದ್ವೀಪಕ್ಕೆ ಸೈನ್ಯ ಕಳಿಸಿದ, ಆದರೆ ಅದನ್ನು ಕಾಳಗಕ್ಕೆ ಇಳಿಸಲಿಲ್ಲ. ಬ್ರಿಟನ್, ಫ್ರಾನ್ಸ್ ದೇಶಗಳು ರಷ್ಯಾದೊಡನೆ ಹೋರಾಡಿದ ಕ್ರಿಮಿಯಾ ಯುದ್ಧದಲ್ಲಿ ತಟಸ್ಥನಾಗಿದ್ದುಕೊಂಡೇ 1855ರ ನವೆಂಬರಿನಲ್ಲಿ ಬ್ರಿಟನ್ ಮತ್ತು ಫ್ರಾನ್ಸಿನೊಡನೆ ರಷ್ಯಾದ ವಿರುದ್ಧ ರಕ್ಷಣೆಯ ಒಪ್ಪಂದ ಮಾಡಿಕೊಂಡ. ಫಿನ್ಲೆಂಡನ್ನು ಮರಳಿ ಪಡೆಯುವ ಕನಸು ಅದರ ಹಿಂದಿತ್ತು. ಯುದ್ಧ ಬೇಗನೆ ಮುಗಿದು, ಕೈಗೆ ಬಂದದ್ದು ಸ್ವೀಡನ್ನಿಗೂ ಫಿನ್ಲೆಂಡಿಗೂ ನಡುವೆ ಇರುವ ಓಲಾಂಡ್ ದ್ವೀಪಗಳಲ್ಲಿ ರಷ್ಯಾ ಕೋಟೆ ಕಟ್ಟಬಾರದೆಂಬ 1856ರ ಷರತ್ತು ಮಾತ್ರ.

1850ರ ದಶಕದಲ್ಲಿ ಸುಧಾರಣೆಯ ಭಾರ ಕಬ್ಬಿಣದ ಹಳಿಗಳತ್ತ ವಾಲಿತು. ಮುಖ್ಯ ರೈಲುಮಾರ್ಗಗಳನ್ನು ಸರ್ಕಾರವೇ ಕಟ್ಟಬೇಕೆಂದು ನಿರ್ಧಾರವಾಗಿ, ಎಂಜಿನಿಯರ್ ನಿಲ್ಸ್ ಎರಿಕ್‌ಸನ್ನನ ಮೇಲ್ವಿಚಾರಣೆಯಲ್ಲಿ ಮಾಲ್ಮೋದಿಂದ ಲುಂಡ್‌ವರೆಗೆ, ಗೋಥೆನ್‌ಬರ್ಗಿನಿಂದ ಯೂನ್‌ಸೆರೆಡ್‌ವರೆಗೆ ಮೊದಲ ಸರ್ಕಾರಿ ಮಾರ್ಗಗಳು 1856ರ ಡಿಸೆಂಬರ್ 1ರಂದು ತೆರೆದವು. ಅಂಚೆಚೀಟಿ, ನೂರರ ಲೆಕ್ಕದ ನಾಣ್ಯ, ಮನೆಮನೆಯಲ್ಲಿ ಸಾರಾಯಿ ಬಟ್ಟಿಯಿಳಿಸುವುದಕ್ಕೆ ತಡೆ, ಇವೆಲ್ಲ 1855ರ ಆಸುಪಾಸಿನವು.

ಧರ್ಮದ ವಿಷಯ ಮಾತ್ರ ಅವನಿಗೆ ಮನೆಯೊಳಗಿನ ವಿಷಯವೂ ಆಗಿತ್ತು. ಪಾದ್ರಿಯಿಲ್ಲದೆ ಮನೆಯಲ್ಲಿ ಪ್ರಾರ್ಥನೆಗೆ ಸೇರುವುದನ್ನು 1726ರ ಆಜ್ಞೆ ನಿಷೇಧಿಸಿತ್ತು, ಲೂಥರನ್ ಮತ ಬಿಟ್ಟವರಿಗೆ ಗಡಿಪಾರು ಕಾದಿತ್ತು. ರಾಣಿಯಾದರೋ ಅರಮನೆಯಲ್ಲೇ ತನ್ನ ಕ್ಯಾಥೊಲಿಕ್ ಪೂಜೆ ನಡೆಸುತ್ತಿದ್ದಳು. 1856ರಲ್ಲಿ ರಿಕ್ಸ್‌ಡಾಗನ್ನು ಉದ್ಘಾಟಿಸಿದ ಭಾಷಣದಲ್ಲಿ ಅರಸ ಪರಮತ ಸಹಿಷ್ಣುತೆಯ ಪರವಾಗಿ ಮಾತನಾಡಿದ; ಸರ್ಕಾರ ಮಸೂದೆಯನ್ನೂ ತಂದಿತು; ಸಭೆಗಳು ಅದನ್ನು ಸೋಲಿಸಿದವು. 1858ರಲ್ಲಿ ಕ್ಯಾಥೊಲಿಕ್ ಮತಕ್ಕೆ ಸೇರಿದ ಆರು ಹೆಂಗಸರನ್ನು ನ್ಯಾಯಾಲಯ ದೇಶದಿಂದ ಹೊರಹಾಕಿತು, ಯುರೋಪಿನ ಪತ್ರಿಕೆಗಳು ಸ್ವೀಡನ್ನಿಗೆ ಛೀಮಾರಿ ಹಾಕಿದವು.

ಅಷ್ಟು ಹೊತ್ತಿಗೆ ಆಸ್ಕರ್ ಹಾಸಿಗೆ ಹಿಡಿದಿದ್ದ. 1857ರಲ್ಲಿ ಮೆದುಳಿನ ಕಾಯಿಲೆಯಿಂದ ಅವನ ಕೈಕಾಲು, ಮಾತು ಸೋಲತೊಡಗಿ, ಸೆಪ್ಟೆಂಬರಿನಿಂದ ಹಿರಿಯ ಮಗ ಕಾರ್ಲ್ ಅವನ ಪರವಾಗಿ ಆಡಳಿತ ವಹಿಸಿಕೊಂಡ. ಮನೆಯ ಪ್ರಾರ್ಥನೆಯ ಮೇಲಿನ ನಿಷೇಧ 1858ರ ಅಕ್ಟೋಬರಿನಲ್ಲಿ ರದ್ದಾದದ್ದೂ, ಮದುವೆಯಾಗದ ಹೆಣ್ಣು ಇಪ್ಪತ್ತೈದು ತುಂಬಿದ ಮೇಲೆ ನ್ಯಾಯಾಲಯಕ್ಕೆ ಅರ್ಜಿ ಹಾಕಿ ಸ್ವತಂತ್ರ ವ್ಯಕ್ತಿಯೆನಿಸಿಕೊಳ್ಳುವ ಹಕ್ಕು ಅದೇ ವರ್ಷ ಬಂದದ್ದೂ ಹೀಗಾಗಿ ಮಗನ ರುಜುವಿನಿಂದ. ಆಸ್ಕರ್ 1859ರ ಜುಲೈ 8ರಂದು ಸ್ಟಾಕ್‌ಹೋಮಿನ ಅರಮನೆಯಲ್ಲಿ ತೀರಿಕೊಂಡ. ಸಮಾಧಿ ಅದೇ ನಗರದ ರಿದ್ದಾರ್‌ಹೋಲ್ಮ್ ಚರ್ಚಿನಲ್ಲಿದೆ. ನಾಲ್ಕು ಸಭೆಗಳ ರಿಕ್ಸ್‌ಡಾಗ್ ತನ್ನನ್ನು ತಾನೇ ವಿಸರ್ಜಿಸಿಕೊಂಡು ಎರಡು ಸದನಗಳಿಗೆ ಜಾಗ ಬಿಟ್ಟದ್ದು 1865–66ರಲ್ಲಿ. ಅದನ್ನು ಸಾಧಿಸಿದವನು ಲೂಯಿ ಡಿ ಯೇರ್ ಎಂಬ ಮಂತ್ರಿ. ಆ ವೇಳೆಗೆ ಸಿಂಹಾಸನದಲ್ಲಿದ್ದ ಹದಿನೈದನೇ ಕಾರ್ಲನೂ ತಂದೆಯಂತೆಯೇ ಆ ವಿಷಯದಲ್ಲಿ ಉತ್ಸಾಹಿಯಾಗಿರಲಿಲ್ಲ.